ಬಿಸಿಲು ಕಂಡ ಹೊದಿಕೆ

ಬೆಳಕನ್ನು ಬಟ್ಟೆಯ ಹಾಗೆ ಮಡಚಿ, ಚೀಲದಲ್ಲಿ ಹಾಕಿಕೊಂಡು, ಮನೆಯಿಂದ ಮನೆಗೆ ಒಯ್ಯುವಂತಾದರೆ? ಹನ್ನೆರಡು ವರ್ಷದ ಹಿಂದೆ ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಈ ಪ್ರಶ್ನೆ ಕೇಳಿದವಳು ನಾನೇ. ಉತ್ತರ ಹುಡುಕಿದವಳೂ ನಾನೇ. ಆಗ ನನಗಿದ್ದ ಜಂಬವನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಉತ್ತರದ ಹೆಸರು ನೀಲಿ ಹೊದಿಕೆ. ಹುಟ್ಟಿದ ಮೂರನೆಯ, ನಾಲ್ಕನೆಯ ದಿನ ಬಹಳಷ್ಟು ಕೂಸುಗಳಿಗೆ ಕಾಮಾಲೆ ಬರುತ್ತದೆ. ರಕ್ತದಲ್ಲಿ ಹಳದಿ ಬಣ್ಣದ ಒಂದು ವಸ್ತು ಹೆಚ್ಚಾಗುತ್ತದೆ. ಚರ್ಮದ ಮೇಲೆ ನೀಲಿ ಬೆಳಕು ಬಿದ್ದರೆ ಆ ವಸ್ತು ರೂಪ ಬದಲಿಸಿ ಮಲಮೂತ್ರದಲ್ಲಿ ಹೊರಗೆ ಹೋಗುತ್ತದೆ. ಹೋಗದೆ ಏರುತ್ತಲೇ ಹೋದರೆ, ಅದರ ಅಂಕಿ ಇಪ್ಪತ್ತು ದಾಟಿದ ಮೇಲೆ, ಮಿದುಳಿಗೆ ಇಳಿಯುವ ಭಯ. ಹಿಂದೆಲ್ಲ ಕೂಸನ್ನು ತಾಯಿಯಿಂದ ಬೇರೆ ಮಾಡಿ, ಕಣ್ಣಿಗೆ ಪಟ್ಟಿ ಕಟ್ಟಿ, ಆಸ್ಪತ್ರೆಯ ನೀಲಿ ದೀಪದ ಕೆಳಗೆ ಮಲಗಿಸುತ್ತಿದ್ದರು. ನಾವು ದೀಪವನ್ನೇ ಹೊದಿಕೆ ಮಾಡಿದೆವು. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ, ಕೂದಲಿನ ದಪ್ಪದ ಐನೂರರಲ್ಲಿ ಒಂದು ಪಾಲಿನಷ್ಟು ತೆಳುವಾದ ಪಾಲಿಮರ್ ಪದರ. ಬ್ಯಾಟರಿ ಹಚ್ಚಿದರೆ ಇಡೀ ಪದರ ನೀಲಿಯಾಗಿ ಬೆಳಗುತ್ತಿತ್ತು. ಕೂಸನ್ನು ಅದರಲ್ಲಿ ಸುತ್ತಿ, ಎದೆಗೊತ್ತಿಕೊಂಡು, ತಾಯಿ ಹಾಲು ಕುಡಿಸಬಹುದಿತ್ತು.

ಗದಗ ಜಿಲ್ಲೆಗೆ ಮುನ್ನೂರ ನಲವತ್ತು ಹೊದಿಕೆಗಳನ್ನು ಕೊಟ್ಟಿದ್ದೆವು. ಅವು ಆಶಾ ಕಾರ್ಯಕರ್ತೆಯರ ಕೈಯಲ್ಲಿ ಇರುತ್ತಿದ್ದವು. ಒಂದು ಮನೆಯ ಕೂಸು ಗುಣವಾದರೆ ಹೊದಿಕೆ ಮುಂದಿನ ಮನೆಗೆ ಹೋಗುತ್ತಿತ್ತು. ಮೂರು ತಿಂಗಳಿಗೊಮ್ಮೆ ತಪಾಸಣೆಗೆಂದು ನಮ್ಮಲ್ಲಿಗೆ ಬರುತ್ತಿತ್ತು. ಮೂರು ವರ್ಷ ಹೀಗೆ ನಡೆದು, ಕಾಮಾಲೆ ಎಂದರೆ ಹೆದರುವುದನ್ನೇ ಜನ ಬಿಟ್ಟಿದ್ದರು. ‘ಹೊದಿಕಿ ತರಸ್ರಿ, ನಾಕ ದಿನದಾಗ ಇಳಿತೈತಿ’ ಎನ್ನುವುದು ಮಾತಿನ ರೂಢಿಯಾಗಿತ್ತು.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಟಗೇರಿಯಿಂದ ಜೈನಾಬಿ ಮುಲ್ಲಾ ಫೋನ್ ಮಾಡಿದಳು. ಅವಳು ಅಲ್ಲಿನ ನೇಕಾರ ಓಣಿಯ ಆಶಾ ಕಾರ್ಯಕರ್ತೆ. ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ.

“ಮೇಡಮ್ಮಾರ, ನಮ್ಮ ಓಣ್ಯಾಗ ಅನ್ನಪೂರ್ಣಾ ಅಂತ ಅದಾಳ್ರಿ. ಎರಡನೇ ಹೆರಿಗಿ, ಹೆಣ್ಣ ಕೂಸು. ಇವತ್ತಿಗೆ ಐದನೇ ದಿನ. ಎರಡ ದಿನ ಆತು ಹೊದಿಕ್ಯಾಗ ಸುತ್ತಾಕ ಹತ್ತಿ, ಹಳದಿ ಇಳಿವಲ್ದು. ನಿನ್ನೆ ರಕ್ತಾ ತಗದಾಗ ಹದಿನಾರು ಇತ್ತು, ಇವತ್ತ ಹತ್ತೊಂಬತ್ತು ಆಗೈತ್ರಿ.”

“ಹೊದಿಕಿ ಬೆಳಗತೈತಿಲ್ಲೊ?”

“ಝಗ್ ಅಂತ ಬೆಳಗತೈತ್ರಿ. ಮೊದಲಿಗಿಂತ ಜಾಸ್ತೀನ ಬೆಳಗತೈತೇನೊ ಅನಸ್ತೈತಿ.”

ಹೊದಿಕೆಯ ಸಂಖ್ಯೆ ಕೇಳಿದೆ. ನೂರ ಹದಿನೇಳು. ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ಹಿಂದಿನ ತಿಂಗಳಷ್ಟೇ ತಪಾಸಣೆಯಾಗಿತ್ತು. ಹೊಸದಿದ್ದಾಗ ಬೆಳಕು ಅಳೆಯುವ ಲಕ್ಸ್ ಮೀಟರು ನಾನೂರು ತೋರಿಸಿತ್ತು, ಈಗ ಆರುನೂರ ಹತ್ತು ತೋರಿಸಿತ್ತು.

“ಹೊದಿಕಿ ಚಲೋ ಐತಿ ಜೈನಾಬಿ. ಹಾಲು ಕಡಿಮಿ ಬೀಳಾಕತ್ತಿರಬೇಕು. ಇನ್ನೆರಡ ದಿನ ಸುತ್ತಿ ನೋಡ್ರಿ.”

“ದೊಡ್ಡ ದವಾಖಾನಿಗೆ ಬರದ ಕೊಡಲೇನ್ರಿ?”

“ಏನೂ ಬ್ಯಾಡ,” ಅಂದೆ.

ಆ ಮಾತು ಆಡಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ನಾನು ಪಾಲಿಮರ್ ಓದಿದವಳು, ಡಾಕ್ಟರಿಕೆ ಓದಿದವಳಲ್ಲ. ಆದರೆ ಹೆಸರಿನ ಹಿಂದೆ ‘ಡಾ.’ ಇದೆ, ಡಾ. ಶೈಲಜಾ ಹುಯಿಲಗೋಳ ಎಂದು ಹೊದಿಕೆಯ ಜೊತೆ ಹೋಗುವ ಸೂಚನಾಪತ್ರದ ಕೆಳಗೆ ಸಹಿ ಇದೆ. ನೇಕಾರ ಓಣಿಯ ಮಟ್ಟಿಗೆ ಅಷ್ಟು ಸಾಕಾಗಿತ್ತು.

ಫೋನ್ ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಯಾಕೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕಿಟಕಿಯ ಹತ್ತಿರ ಹೋದೆ, ಬಂದೆ, ನೀರು ಕುಡಿದೆ, ಒಂದು ವರದಿಯ ಅದೇ ಪುಟವನ್ನು ನಾಲ್ಕು ಸಲ ಓದಿದೆ. ಮನೆಗೆ ಹೋದರೆ ಅವ್ವ ಇಟ್ಟ ಚಹಾ ಆರಿಹೋಯಿತು. “ಯಾರ ಮ್ಯಾಲ ಸಿಟ್ಟು ಇದು?” ಎಂದು ಅವಳು ಕೇಳಿದಳು. ಯಾರ ಮೇಲೂ ಇಲ್ಲವೆಂದು ಸಿಟ್ಟಿನಿಂದಲೇ ಹೇಳಿದೆ. ಬುಧವಾರವೂ ಹಾಗೆಯೇ ಕಳೆಯಿತು. ಜೈನಾಬಿಗೆ ಫೋನ್ ಮಾಡಬೇಕೆಂದು ಮೂರು ಸಲ ಕೈಗೆತ್ತಿಕೊಂಡು, ಮೀಟರು ಸರಿಯಾಗಿದೆಯಲ್ಲ, ಸುಮ್ಮನೆ ಹೆದರಿಸುವುದೇಕೆ ಎಂದು ಕೆಳಗಿಟ್ಟೆ.

ಈ ಲಕ್ಸ್ ಮೀಟರಿನ ಕಥೆ ಹೇಳದಿದ್ದರೆ ನನ್ನ ತಪ್ಪು ಪೂರ್ತಿ ತಿಳಿಯುವುದಿಲ್ಲ. ಮೊದಲ ವರ್ಷ ಪ್ರತಿ ಹೊದಿಕೆಯನ್ನೂ ಸ್ಪೆಕ್ಟ್ರೋಮೀಟರಿಗೆ ಹಚ್ಚುತ್ತಿದ್ದೆವು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಬಣ್ಣ ಎಷ್ಟಿದೆ ಎಂದು ಅದು ತೋರಿಸುತ್ತದೆ. ಒಂದು ಹೊದಿಕೆಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹೊದಿಕೆಗಳು ಹೆಚ್ಚಾದಂತೆ ರಾಶಿ ಬೀಳತೊಡಗಿತು. ಆಗ ನಾನು ಒಂದು ಉಪಾಯ ಹೇಳಿದೆ. ಫೋಟೋ ತೆಗೆಯುವವರೂ ಇಟ್ಟುಕೊಳ್ಳುವ ಅಂಗೈಯಗಲದ ಲಕ್ಸ್ ಮೀಟರು ತಂದು, ಹೊದಿಕೆಯ ಮೇಲಿಟ್ಟು, ಅಂಕಿ ಬರೆದುಕೊಂಡರಾಯಿತು. ಅರ್ಧ ನಿಮಿಷದ ಕೆಲಸ. ನಮ್ಮ ನಿರ್ದೇಶಕ ಇನಾಮದಾರರು ಸಭೆಯಲ್ಲಿ ನನ್ನನ್ನು ಹೊಗಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಗುರುವಾರ ಹನ್ನೊಂದು ಗಂಟೆಗೆ ಜೈನಾಬಿಯ ಫೋನ್ ಬಂತು.

“ಕೂಸು ಹಾಲು ಕುಡೀವಲ್ದು ಮೇಡಮ್ಮಾರ. ಸುಮ್ಮನ ಮಕ್ಕೊಂಡs ಬಿಡತೈತಿ. ಬೆಳಿಗ್ಗೆ ರಕ್ತಾ ತಗದೀವಿ, ಇನ್ನ ಹೇಳಿಲ್ಲ ಎಷ್ಟ ಆಗೈತಂತ. ಇಲ್ಲಿ ಅನ್ನಪೂರ್ಣಾನ ಅತ್ತಿ ಫಕೀರವ್ವ ಮಾತಾಡ್ತಾರಂತ್ರಿ.”

ಹಿಂದೆ ಮಗ್ಗದ ಸದ್ದು ದಡಬಡ ಕೇಳುತ್ತಿತ್ತು. ಅದರ ಮೇಲೆ ಒಂದು ಮುದಿ ದನಿ ಬಂತು.

“ಯವ್ವಾ, ಇದರ ಬಣ್ಣ ಬ್ಯಾರೆ ಆಗೈತಿ.”

“ಕೂಸಿನ ಬಣ್ಣ ಏನ್ರಿ ಆಯಿ?”

“ಕೂಸಿಂದಲ್ಲ, ನಿಮ್ಮ ಹೊದಿಕೀದು. ನಮ್ಮ ಹಿರೇ ಮೊಮ್ಮಗ ಹುಟ್ಟಿದಾಗ್ಗೂ ಇದನ್ನs ತಂದಿದ್ರು. ಆವಾಗ ಅಚ್ಚ ನೀಲಿ ಇತ್ತು. ಈಗ ಗಿಳಿಹಸಿರು ಕಲಸಿದಂಗ ಕಾಣತೈತಿ.”

“ಕಣ್ಣಿಗೆ ಹಂಗ ಅನಸ್ತೈತ್ರಿ ಆಯಿ. ಮೀಟರ್ ಹಚ್ಚಿ ನೋಡೀವಿ.”

“ನಲವತ್ತ ವರ್ಷ ನೂಲಿಗೆ ಬಣ್ಣಾ ಕಟ್ಟೀನವಾ ನಾನು,” ಎಂದಳು ಮುದುಕಿ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳುವ ಧಾಟಿ ಇತ್ತು. “ನೀಲಿ ಯಾವುದು ಹಸಿರ ಯಾವುದು ಅಂತ ತಿಳೀದಿದ್ರ ನನಗ ಯಾರು ನೂಲು ಕೊಡತಿದ್ರು?”

ಫೋನ್ ಇಟ್ಟೆ. ಉಗ್ರಾಣಕ್ಕೆ ಓಡಿದೆ. ತಪಾಸಣೆಗೆಂದು ಬಂದು ಕಪಾಟಿನಲ್ಲಿದ್ದ ಹಳೆಯ ಹೊದಿಕೆಗಳಲ್ಲಿ ಒಂದನ್ನು ಎಳೆದುಕೊಂಡು ಸ್ಪೆಕ್ಟ್ರೋಮೀಟರಿನ ಕೋಣೆಗೆ ಹೋದೆ. ಅಲ್ಲಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯ ಗಾಜಿನ ತುಂಡುಗಳನ್ನು ಕೇಳದೆಯೇ ಪಕ್ಕಕ್ಕಿಟ್ಟು, ಹೊದಿಕೆಯನ್ನು ಹಚ್ಚಿದೆ.

ಪರದೆಯ ಮೇಲೆ ಗೆರೆ ಮೂಡಿತು. ನೀಲಿ ಇರಬೇಕಾದಲ್ಲಿ ಮೊಂಡಾದ ಒಂದು ಗುಬುಟು ಇತ್ತು. ಅದರಾಚೆ, ಏನೂ ಇರಬಾರದ ಹಸಿರಿನ ಜಾಗದಲ್ಲಿ, ದೊಡ್ಡದೊಂದು ದಿಬ್ಬ ಎದ್ದಿತ್ತು.

ನೋಡಿದ ಕೂಡಲೇ ತಿಳಿಯಿತು. ಈ ವಿಷಯ ಪುಸ್ತಕದಲ್ಲಿದೆ, ನಾನೇ ತರಗತಿಯಲ್ಲಿ ಹೇಳಿದ್ದೇನೆ. ಬೆಳಕು ಕೊಡುವ ಈ ಪಾಲಿಮರಿಗೆ ಹೊರಗಿನ ಬೆಳಕೇ ಶತ್ರು. ಬಿಸಿಲು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡೂ ಕೂಡಿದರೆ ಅದರ ಉದ್ದನೆಯ ಸರಪಳಿಯಲ್ಲಿ ಅಲ್ಲಲ್ಲಿ ಕೊಂಡಿಗಳು ಕೆಡುತ್ತವೆ. ಕೆಟ್ಟ ಕೊಂಡಿ ಸುಮ್ಮನಿರುವುದಿಲ್ಲ. ಕಾಲುವೆಯ ಒಡ್ಡು ಒಂದು ಕಡೆ ಒಡೆದರೆ ನೀರೆಲ್ಲ ಅತ್ತಲೇ ನುಗ್ಗುವಂತೆ, ಸುತ್ತಲಿನ ಸರಿಯಾದ ಕೊಂಡಿಗಳ ಶಕ್ತಿಯನ್ನೆಲ್ಲ ಅದೊಂದೇ ಎಳೆದುಕೊಂಡು ಹಸಿರು ಬೆಳಕಾಗಿ ಹೊರಗೆ ಹಾಕುತ್ತದೆ. ನೂರಕ್ಕೆ ಒಂದು ಕೊಂಡಿ ಕೆಟ್ಟರೂ ನೀಲಿ ಮುಳುಗುತ್ತದೆ.

ಇನ್ನು ಲಕ್ಸ್ ಮೀಟರು. ಅದನ್ನು ಮಾಡಿರುವುದು ಮನುಷ್ಯನ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ ಅಳೆಯಲಿಕ್ಕೆ. ನಮ್ಮ ಕಣ್ಣಿಗೆ ನೀಲಿ ಮಂದ, ಹಸಿರು ಪ್ರಖರ. ಹೊದಿಕೆ ಕೆಟ್ಟಷ್ಟೂ ಮೀಟರಿನ ಅಂಕಿ ಏರುತ್ತ ಹೋಗಿತ್ತು. ಏರಿದ ಅಂಕಿಯನ್ನು ನೋಡಿ ನಾವು ‘ಉತ್ತಮ’ ಎಂದು ಮುದ್ರೆ ಒತ್ತಿ ಕಳಿಸಿದ್ದೆವು. ಮುನ್ನೂರ ನಲವತ್ತರಲ್ಲಿ ಎಷ್ಟಕ್ಕೆ ಹಾಗೆ ಮಾಡಿದ್ದೆವೋ ದೇವರಿಗೇ ಗೊತ್ತು.

ಅಲ್ಲಿಂದಲೇ ಜೈನಾಬಿಗೆ ಫೋನ್ ಮಾಡಿದೆ.

“ಜೈನಾಬಿ, ಈಗಿಂದೀಗ ಕೂಸನ್ನ ಜಿಲ್ಲಾ ಆಸ್ಪತ್ರಿಗೆ ಒಯ್ಯಿರಿ. ಹೊದಿಕಿ ಕೆಟ್ಟೈತಿ. ಅದರಿಂದ ಏನೂ ಉಪಯೋಗ ಇಲ್ಲ.”

“ನಾ ನಿನ್ನೆ ಸಂಜಿಕನs ಹೋಗೂಣು ಅಂದಿದ್ದೆ ಮೇಡಮ್ಮಾರ. ಧಾರವಾಡದ ಬಾಯಾರು ಬ್ಯಾಡ ಅಂದಾರಲ್ಲ, ಅವರಿಗಿಂತ ನಿನಗ ತಿಳಿತೈತೇನು ಅಂದ್ರು ಈ ಮನಿಯವರು,” ಎಂದಳು.

ಇನಾಮದಾರರ ಕೋಣೆಗೆ ಹೋಗಿ ಗೆರೆಯ ಪ್ರತಿಯನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ತಿಳಿಯದವರೇನಲ್ಲ.

“ಹತ್ತು ಸಾವಿರ ಗಂಟೆ ಓಡಿಸಿ ನೋಡಿವಲ್ಲ ಶೈಲಜಾ, ಹಿಂಗ್ಯಾಕ ಆತು?”

“ಗಾಜಿನ ಡಬ್ಬ್ಯಾಗ ನೋಡೀವ್ರಿ ಸರ್. ಸಾರಜನಕ ತುಂಬಿ, ಮಂದ ದೀಪದಾಗ. ಬಿಸಲಿಗೆ ಇಟ್ಟು ಯಾರ ನೋಡ್ಯಾರ?”

“ಮನಿ ಒಳಗ ಇರೂ ಹೊದಿಕಿಗೆ ಬಿಸಲು ಎಲ್ಲಿಂದ ಬಂತು? ಮೊದಲು ಸಮಿತಿ ಕರಿಯೂಣು. ಕಾರಣ ತಿಳಕೊಂಡು ಆಮ್ಯಾಲ ಎಲ್ಲಾರಿಗೂ ತಿಳಸೂಣು. ಈಗs ಹೇಳಿದ್ರ ಜನ ಗಾಬರಿ ಆಗ್ತಾರ.”

“ಗಾಬರಿ ಆಗಲಿ ಬಿಡ್ರಿ,” ಎಂದು ಹೊರಗೆ ಬಂದೆ. ಕಾರಿನಲ್ಲಿ ಕುಳಿತು, ಹೊರಡುವ ಮೊದಲೇ ಜಿಲ್ಲೆಯ ಎಲ್ಲ ಆಶಾ ಕಾರ್ಯಕರ್ತೆಯರಿಗೆ ಸಂದೇಶ ಕಳಿಸಿದೆ: ‘ನೀಲಿ ಹೊದಿಕೆ ಬಳಸಬೇಡಿ. ಹಳದಿ ಕಂಡ ಕೂಸುಗಳನ್ನು ಆಸ್ಪತ್ರೆಗೆ ಕರೆದೊಯ್ಯಿರಿ.’ ಹುಬ್ಬಳ್ಳಿ ದಾಟುವಷ್ಟರಲ್ಲಿ ಇನಾಮದಾರರ ಫೋನ್ ಐದು ಸಲ ಬಂತು. ಎತ್ತಲಿಲ್ಲ. ಅಣ್ಣಿಗೇರಿಯ ಹತ್ತಿರ ಜೈನಾಬಿಯ ಫೋನ್ ಬಂತು. ಕೂಸಿನ ಅಂಕಿ ಇಪ್ಪತ್ತಾರು. ರಕ್ತ ಬದಲಿಸುತ್ತಾರಂತೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅನ್ನಪೂರ್ಣಾ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ತಲೆಗೆ ಬಾಣಂತಿಯ ಸ್ಕಾರ್ಫು, ಎದೆಯ ಹತ್ತಿರ ಸೀರೆ ಹಾಲಿನಿಂದ ಒದ್ದೆಯಾಗಿತ್ತು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ನಾನು ಯಾರೆಂದು ಜೈನಾಬಿ ಹೇಳಿದಾಗ ಎದ್ದು ನಿಲ್ಲಲು ನೋಡಿದಳು. ನನಗೆ ಆ ಮರ್ಯಾದೆ ತಡೆದುಕೊಳ್ಳಲಾಗಲಿಲ್ಲ. ಒಳಗೆ ಕೂಸಿನ ಹೊಕ್ಕುಳದ ನಾಳದಿಂದ ಹಳೆಯ ರಕ್ತ ತೆಗೆದು ಹೊಸ ರಕ್ತ ಹಾಕುತ್ತಿದ್ದರು, ಸ್ವಲ್ಪ ತೆಗೆಯುವುದು, ಅಷ್ಟೇ ಹಾಕುವುದು. ಗಂಟೆಗಟ್ಟಲೆ ಹಿಡಿಯುತ್ತದೆ ಎಂದರು. ನಾನು ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ಅಲೆಯತೊಡಗಿದೆ.

“ಕೂಡವಾ ಒಂದೀಟು. ನೀ ಹಿಂಗ ತಿರಗ್ಯಾಡಿದ್ರ ನನಗ ತಲಿ ತಿರಗತೈತಿ,” ಎಂದಳು ಫಕೀರವ್ವ. ಪಕ್ಕದಲ್ಲಿ ಕುಳಿತೆ. ಅವಳ ಉಗುರುಗಳ ಅಂಚಿನಲ್ಲಿ ಇನ್ನೂ ಬಣ್ಣ ಉಳಿದಿತ್ತು.

“ಆಯಿ, ಹೊದಿಕಿ ಬಿಸಲಿಗೆ ಇಡತಿದ್ರೇನ್ರಿ?”

“ಇಡದs ಮತ್ತ? ಕೂಸು ಆರಾಮ ಆದಮ್ಯಾಲ ಇನ್ನೊಬ್ಬರ ಮನಿಗೆ ಕೊಡಬೇಕು. ಬಾಣಂತಿ ಮೈಮ್ಯಾಲಿನ ಅರವಿ ಹಂಗs ಕೊಡಾಕ ಬರತೈತೇನು, ಮೈಲಗಿ ಇರತೈತಿ. ಒಗದು ಕೊಡಬೇಕು ಅಂದ್ರ, ನಿಮ್ಮ ಚೀಟ್ಯಾಗ ನೀರ ಹಾಕಬ್ಯಾಡ್ರಿ ಅಂತ ಬರದಿತ್ತಂತ, ಜೈನಾಬಿ ಓದಿ ಹೇಳಿದ್ಲು. ಅದಕ್ಕ ನೀರ ಹಾಕಲಿಲ್ಲ. ಮಾಳಿಗಿ ಮ್ಯಾಲ ಹಾಸಿ ಎರಡ ದಿನ ಬಿಸಲು ಕಾಣಸಿ ಕೊಟ್ವಿ. ಬಿಸಲಿಗಿಂತ ಶುದ್ಧ ಯಾವುದೈತಿ?”

“ಎಲ್ಲಾರೂ ಹಂಗs ಮಾಡ್ತಾರೇನ್ರಿ?”

“ಚಲೋ ಮನಿತನದವರು ಎಲ್ಲಾರೂ ಮಾಡ್ತಾರ,” ಎಂದಳು.

ನೂರ ಹದಿನೇಳನೆಯ ಹೊದಿಕೆ ಹತ್ತೊಂಬತ್ತು ಮನೆ ತಿರುಗಿತ್ತು. ಗದಗಿನ ಬಿಸಿಲಿನಲ್ಲಿ ಮೂವತ್ತೆಂಟು ದಿನ ಬಿದ್ದಿತ್ತೆಂದಾಯಿತು. ಆ ಬಿಸಿಲಿಗೆ ಹೊರಗಿನ ಪ್ಲಾಸ್ಟಿಕ್ ಹಾಳೆ ಬಿರಿದು, ಒಳಗೆ ಗಾಳಿ ಹೊಕ್ಕು, ಕೆಲಸ ಮುಗಿದಿತ್ತು. ಆ ಹೆಂಗಸರು ನನ್ನ ಸೂಚನೆಯನ್ನು ಅಕ್ಷರ ತಪ್ಪದೆ ಪಾಲಿಸಿದ್ದರು. ನೀರು ಹಾಕಬೇಡಿ, ಮಡಿಕೆ ಮಾಡಿ ಇಸ್ತ್ರಿ ಮಾಡಬೇಡಿ, ಸೂಜಿ ಚುಚ್ಚಬೇಡಿ ಎಂದು ಬರೆದವಳು ಬಿಸಿಲಿಗೆ ಹಾಕಬೇಡಿ ಎಂದು ಬರೆದಿರಲಿಲ್ಲ. ಹೊಳೆದಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ನಾನೂ ಅಂಥದೇ ಮನೆಯಲ್ಲಿ ಹುಟ್ಟಿದವಳು. ಬಾಣಂತಿ ಕೋಣೆಯ ಕೌದಿಗಳನ್ನು ಮಾಳಿಗೆಗೆ ಹೊತ್ತು ಹೊತ್ತು ನನ್ನ ಕೈಗಳೇ ಬಿದ್ದುಹೋಗಿವೆ.

ಸಂಜೆಯ ಹೊತ್ತಿಗೆ ಅಂಕಿ ಹದಿಮೂರಕ್ಕೆ ಇಳಿಯಿತು. ಕೂಸು ಬದುಕಿತು. ನರ್ಸ್ ಬಂದು ಹಾಗೆಂದಾಗ ಅನ್ನಪೂರ್ಣಾ ನನ್ನ ಕೈ ಹಿಡಿದು, “ನೀವು ಫೋನ್ ಮಾಡಿದ್ದಕ್ಕ ಉಳೀತ್ರಿ,” ಎಂದಳು. ತಪ್ಪು ನನ್ನದೆಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವಳ ಮುಖದಲ್ಲಿ ಅಷ್ಟು ಹೊತ್ತಿನ ಮೇಲೆ ನಗು ಬಂದಿತ್ತು, ನಾನು ಹೇಡಿಯಾದೆ.

ಮರುದಿನ ಬೆಳಿಗ್ಗೆ ನಮ್ಮ ಮಾಳಿಗೆಯ ಮೇಲೆ ಅವ್ವ ಕೌದಿ ಹರವುತ್ತಿದ್ದಳು. ಸುಮ್ಮನೆ ಅವಳ ಮೇಲೆ ಹರಿಹಾಯ್ದೆ. ಬಿಸಿಲಿಗೆ ಹಾಕದಿದ್ದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೂಗಾಡಿದೆ. ಅವಳು ಕೌದಿಯನ್ನು ಕೈಯಲ್ಲಿ ಹಿಡಿದುಕೊಂಡೇ, ನನ್ನನ್ನು ನೋಡುತ್ತ ನಿಂತಳು.

ಮುಂದಿನ ಆರು ವಾರ ಹೊದಿಕೆಗಳನ್ನು ವಾಪಸು ತರಿಸುವುದರಲ್ಲಿ ಹೋಯಿತು. ಇನ್ನೂರ ಎಂಟು ಹೊದಿಕೆಗಳು ಹಸಿರಾಗಿದ್ದವು. ಸಮಿತಿಯ ಕರಡು ವರದಿಯಲ್ಲಿ ‘ಬಳಕೆದಾರರು ಉಪಕರಣವನ್ನು ಸೂಚನೆಗೆ ವಿರುದ್ಧವಾಗಿ ಬಿಸಿಲಿಗೆ ಒಡ್ಡಿದ್ದರಿಂದ’ ಎಂದು ಇತ್ತು. ಅಂಥ ಸೂಚನೆಯೇ ಇರಲಿಲ್ಲವೆಂದು ಅಂಚಿನಲ್ಲಿ ಬರೆದು, ಸಹಿ ಹಾಕದೆ ಹಿಂದಕ್ಕೆ ಕಳಿಸಿದೆ. ಇನಾಮದಾರರು ನನ್ನೊಡನೆ ಮಾತು ಬಿಟ್ಟರು. ಅದರಿಂದ ಮನಸ್ಸಿಗೆ ಸಮಾಧಾನವೇನೂ ಆಗಲಿಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲು ಕೆಲಸ ಇಲ್ಲ, ಎಲ್ಲಿ ಕುಳಿತರೂ ಎದ್ದು ಹೋಗಬೇಕೆನಿಸುತ್ತಿತ್ತು.

ಆಮೇಲೆ ಜೈನಾಬಿ ಹೇಳಿದಳು: ಅನ್ನಪೂರ್ಣಾಳ ಕೂಸಿಗೆ ಕಿವಿ ಪರೀಕ್ಷೆ ಮಾಡಬೇಕೆಂದು ಆಸ್ಪತ್ರೆಯವರು ಎರಡು ಸಲ ಕರೆದರೂ ಮನೆಯವರು ಹೋಗಿಲ್ಲ. ಕೂಸು ಗುಂಡುಗುಂಡಗೆ ಆರಾಮಾಗಿದೆ, ಯಾಕೆ ಹೋಗಬೇಕು ಎನ್ನುತ್ತಾರೆ. ನಾನು ಬರುತ್ತೇನೆ ಎಂದೆ. ಹಳದಿ ಮಿದುಳಿಗೆ ಇಳಿಯುವಾಗ ಮೊದಲು ಹಿಡಿಯುವುದು ಕಿವಿಯ ನರವನ್ನು. ಇದನ್ನು ಈ ಆರು ವಾರದಲ್ಲಿ ಓದಿ ತಿಳಿದುಕೊಂಡಿದ್ದೆ.

ಇಬ್ಬರೂ ಮಧ್ಯಾಹ್ನ ಹೋದೆವು. ಪಡಸಾಲೆಯಲ್ಲಿ ಎರಡು ಕರೆಂಟ್ ಮಗ್ಗಗಳು. ಅನ್ನಪೂರ್ಣಾಳ ಗಂಡ ನೂಲು ತರಲು ಹೋಗಿದ್ದನಾದರೂ ಒಂದು ಮಗ್ಗ ಓಡುತ್ತಲೇ ಇತ್ತು. ಕಾಲ ಕೆಳಗಿನ ನೆಲ ಅದುರುತ್ತಿತ್ತು. ಮಾತಾಡಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕು. ಅನ್ನಪೂರ್ಣಾ ನಮ್ಮನ್ನು ಕಂಡು ನಕ್ಕು, ಮಗ್ಗ ಬಂದ್ ಮಾಡಿ, ಚಾಪೆ ಹಾಸಿದಳು. ಮಗ್ಗದಿಂದ ಎರಡು ಮಾರು ದೂರದಲ್ಲಿ ತೊಟ್ಟಿಲಿತ್ತು. ಅದರಲ್ಲಿ ಕೂಸು ಮುಷ್ಟಿ ಕಟ್ಟಿಕೊಂಡು ಗಾಢವಾಗಿ ಮಲಗಿತ್ತು.

“ಎಷ್ಟ ಶಾಣ್ಯಾ ಐತಿ ನೋಡ್ರಿ,” ಎಂದಳು ಫಕೀರವ್ವ ಹಿಗ್ಗಿನಿಂದ. “ಇದರ ಅಣ್ಣ ಬಟ್ಟಲ ಬಿದ್ರೂ ಎದ್ದು ಕೂಗತಿದ್ದ. ಇದಕ್ಕ ಎರಡೂ ಮಗ್ಗ ಹಚ್ಚಿದ್ರೂ ಎಚ್ಚರಾಗಂಗಿಲ್ಲ. ನೇಕಾರರ ಮನಿಗೆ ತಕ್ಕ ಕೂಸು.”

ಜೈನಾಬಿ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಈ ಸಲ ಹೇಳದೆ ಬಿಡುವಂತಿರಲಿಲ್ಲ.

“ಆಯಿ, ಅನ್ನಪೂರ್ಣಾ, ಇಬ್ಬರೂ ಕೇಳ್ರಿ. ಹಳದಿ ಅಷ್ಟ ಏರಿದ್ದಕ್ಕ ಕೂಸಿನ ಕಿವಿಗೆ ಪೆಟ್ಟಾಗಿರಬೇಕು ಅನಸ್ತೈತಿ. ಅದಕ್ಕs ಎಚ್ಚರಾಗವಲ್ದು. ಪರೀಕ್ಷಾ ಮಾಡಸಬೇಕು, ಮುಂದಿನ ಉಪಾಯ ಅದಾವು, ತಡಾ ಮಾಡೂದು ಬ್ಯಾಡ.”

ಫಕೀರವ್ವನ ಮುಖ ಬಾಡಿತು. “ಬಿಸಲಿಗೆ ಹಾಕಿದಾಕಿ ನಾನವಾ,” ಎಂದಳು ಮೆಲ್ಲಗೆ. “ನನ್ನ ಕೈಲೆ ಆತು ಇದು.”

“ಅಲ್ಲ ಆಯಿ. ಬಿಸಲಿಗೆ ಹಾಕಬ್ಯಾಡ್ರಿ ಅಂತ ಬರೀಬೇಕಾದಾಕಿ ನಾನು, ಬರೀಲಿಲ್ಲ. ತಪ್ಪು ಮೀಟರ್ ತಂದಾಕಿ ನಾನು. ಐದನೇ ದಿನ, ಹತ್ತೊಂಬತ್ತು ಇದ್ದಾಗ, ದವಾಖಾನಿಗೆ ಬರದ ಕೊಡ್ಲಿ ಅಂತ ಜೈನಾಬಿ ಕೇಳಿದ್ಲು. ಬ್ಯಾಡ ಅಂದಾಕಿನೂ ನಾನು. ಅವತ್ತ ಹೋಗಿದ್ರ ಇದು ಆಗತಿರಲಿಲ್ಲ.”

ಅನ್ನಪೂರ್ಣಾ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಎದ್ದು ಹೋಗಿ ಮಗ್ಗದ ಬಟನ್ ಒತ್ತಿದಳು. ಮನೆ ನಡುಗಿತು. ತೊಟ್ಟಿಲ ಕಡೆ ನೋಡಿದಳು. ಕೂಸು ಮಲಗಿತ್ತು. ಬಂದ್ ಮಾಡಿದಳು. ಹತ್ತೆಣಿಸುವಷ್ಟು ಹೊತ್ತು ನಿಂತು ಮತ್ತೆ ಒತ್ತಿದಳು, ಮತ್ತೆ ನೋಡಿದಳು. ಕೂಸಿನ ರೆಪ್ಪೆಯೂ ಅಲುಗಲಿಲ್ಲ.

ಮೂರನೆಯ ಸಲ ಎರಡೂ ಮಗ್ಗಗಳನ್ನು ಹಚ್ಚಿದಳು, ಬಂದ್ ಮಾಡಲಿಲ್ಲ. ತೊಟ್ಟಿಲ ಹತ್ತಿರ ಬಂದು, ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ ಏನೋ ಹೇಳತೊಡಗಿದಳು. ಅವಳ ತುಟಿ ಆಡುತ್ತಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಏನು ಹೇಳುತ್ತಿದ್ದಾಳೆಂದು ನಮಗ್ಯಾರಿಗೂ ಕೇಳಿಸಲಿಲ್ಲ.